ನಾನು ಹೇಳಿದ ಮೂವತ್ತೆಂಟು

ಜನವರಿ ೧೧

ಪುಟ್ಟೀ,

ಫೋನ್ ಮಾಡಿದರೆ ನಿನಗೆ ಕೇಳುವುದಿಲ್ಲ, ಮೊಬೈಲ್ ನೋಡಿದರೆ ತಲೆ ಸಿಡಿಯುತ್ತದೆ, ಅದಕ್ಕೇ ಕಾಗದ ಬರೆ ಎಂದು ಅಮ್ಮ ಹೇಳಿದಳು. ಎರಡು ಸಲ ಬರೆದು ಹರಿದು ಹಾಕಿದೆ. ಇದು ಮೂರನೆಯದು.

ಹದಿನೈದು ದಿನವಾಯಿತು. ಅಮ್ಮನಿಂದ ಗೊತ್ತಾಗಿರುವುದು ಇಷ್ಟು: ಲ್ಯಾಬಿನಲ್ಲಿ ಫ್ಲಾಸ್ಕ್ ಸಿಡಿಯಿತು, ಎಡ ಅಂಗೈಗೆ ಹನ್ನೊಂದು ಹೊಲಿಗೆ, ಬಲಗಿವಿಯ ತಮಟೆ ಹರಿದಿದೆ, ಎಡಗಿವಿಯಲ್ಲಿ ಸದಾ ಸಿಳ್ಳೆ. ಮುಖಕ್ಕೆ ಗುರಾಣಿ ಹಾಕಿದ್ದರಿಂದ ಕಣ್ಣು ಉಳಿಯಿತು. ಅಮ್ಮನಿಗೆ ಫ್ಲಾಸ್ಕ್ ಎಂದರೆ ಟೀ ತುಂಬುವುದು. ನಿನ್ನ ಅಕ್ಕಪಕ್ಕದ ಮನೆಯವರಿಗೆಲ್ಲ ಟೀ ಫ್ಲಾಸ್ಕ್ ಸಿಡಿಯಿತೆಂದೇ ಹೇಳಿಕೊಂಡು ಬಂದಿದ್ದಾಳಂತೆ. ಅವರು ತಮ್ಮ ಫ್ಲಾಸ್ಕನ್ನು ಮೇಲಿನ ಕಪಾಟಿಗೆ ಎತ್ತಿಟ್ಟರಂತೆ.

ಕೈ ಮಡಚಲು ಆಗುತ್ತದೆಯೇ? ಡಾಕ್ಟರು ಕಿವಿಯ ಬಗ್ಗೆ ಏನೆನ್ನುತ್ತಾರೆ? ನಾನೇ ಬರಬೇಕೆಂದಿದ್ದೆ. ಇಲ್ಲಿ ಮೌಲ್ಯಮಾಪನ ನಡೆಯುತ್ತಿದೆ, ರಜೆ ಕೊಡುವವರು ಊರಲ್ಲಿಲ್ಲ. ಏನೇನೋ ಇದೆ.

ಒಂದು ಮಾತು ಕೇಳಬೇಕು. ಸಿಡಿದದ್ದು ಆವತ್ತು ನೀನು ನನ್ನನ್ನು ಕೇಳಿದ ವಸ್ತುವೇನಾ?

ನಿನ್ನ
ಅಕ್ಕ

&nbsp;

ಜನವರಿ ೨೪

ಅಕ್ಕಾ,

ಟೀ ಫ್ಲಾಸ್ಕಿನ ಕಥೆ ಓದಿ ನಕ್ಕೆ. ನಕ್ಕದ್ದು ನನಗೆ ಕೇಳಲಿಲ್ಲ, ಅಮ್ಮ ಅಡುಗೆಮನೆಯಿಂದ ಓಡಿ ಬಂದದ್ದರಿಂದ ಜೋರಾಗಿಯೇ ನಕ್ಕಿರಬೇಕು ಎಂದುಕೊಂಡೆ.

ಹೌದು. ಅದೇ ವಸ್ತು.

ನಮ್ಮ ಕಾರ್ಖಾನೆಯ ಅಂಟಿಗೆ ಗಟ್ಟಿಯಾಗಲು ಬೆರೆಸುವ ಪುಡಿ ನಿನಗೆ ಗೊತ್ತಲ್ಲ. ಈಗಿನದಕ್ಕೆ ಬಹಳ ಶಾಖ ಬೇಕು. ಕಡಿಮೆ ಶಾಖದಲ್ಲೇ ಕೆಲಸ ಮಾಡುವ ಹೊಸದೊಂದನ್ನು ತಯಾರಿಸಿದ್ದೆ. ಎರಡು ಆಮ್ಲಜನಕ ಕೈ ಹಿಡಿದುಕೊಂಡು ನಿಂತ ಅಣು ಅದು, ಕೈ ಬಿಟ್ಟರೆ ಮುಗಿಯಿತು. ದ್ರಾವಕ ಹೋಗಲೆಂದು ಅರವತ್ತು ಡಿಗ್ರಿ ನೀರಿನಲ್ಲಿಟ್ಟಿದ್ದೆ. ಮೊದಲು ಸ್ವಲ್ಪ ಮಬ್ಬಾಯಿತು. ಆಮೇಲೆ ಗುಳ್ಳೆ ಬಂತು. ಇದೇನಪ್ಪಾ ಎಂದು ಬಗ್ಗಿದೆ. ಆಮೇಲೆ ಎಲ್ಲ ಬೆಳ್ಳಗೆ. ಸದ್ದು ಕೇಳಿದ ನೆನಪೇ ಇಲ್ಲ ಕಣೆ. ನೆಲದ ಮೇಲೆ ಕೂತು, ಎದುರಿಗೆ ನಿಂತು ಕಿರುಚುತ್ತಿದ್ದ ಲ್ಯಾಬಿನ ಮುಖ್ಯಸ್ಥರ ಬಾಯಿ ನೋಡುತ್ತಾ, ಇವರು ಯಾಕೆ ದನಿ ಬರದ ಹಾಗೆ ಮಾತಾಡುತ್ತಿದ್ದಾರೆ ಎಂದು ಯೋಚಿಸುತ್ತಿದ್ದೆ.

ವಿಚಾರಣೆಗೆ ಮೂವರನ್ನು ಹಾಕಿದ್ದಾರೆ. ಅವರಲ್ಲಿ ಹಿರಿಯರೊಬ್ಬರು ಎಲ್ಲವನ್ನೂ ಡೈರಿಯಲ್ಲಿ ಬರೆಯುತ್ತಾರೆ, ನಾವು ಡೈರಿ ಸಾಹೇಬರು ಎಂದೇ ಕರೆಯುವುದು. ನನಗೆ ಕೇಳುವುದಿಲ್ಲವೆಂದು ಪ್ರಶ್ನೆಯನ್ನೂ ಅದರಲ್ಲೇ ಬರೆದು ತೋರಿಸಿದರು: "ಅರವತ್ತು ಡಿಗ್ರಿ ಅಪಾಯವಿಲ್ಲ ಅಂತ ಯಾರು ಹೇಳಿದ್ದು?"

ನಾನು ಕೆಳಗೆ ಬರೆದೆ: "ನನ್ನದೇ ಅಂದಾಜು."

ನಿನ್ನ ವಿಷಯ ಎತ್ತಿಲ್ಲ. ಎತ್ತುವುದೂ ಇಲ್ಲ. ನೀನು ತಲೆ ಕೆಡಿಸಿಕೊಳ್ಳಬೇಡ.

ಪುಟ್ಟಿ

&nbsp;

ಫೆಬ್ರವರಿ ೮

ಪುಟ್ಟೀ,

ತಲೆ ಕೆಡಿಸಿಕೊಳ್ಳಬೇಡ ಎಂದು ಬರೆದೆಯಲ್ಲ, ಅಲ್ಲಿಂದಲೇ ಕೆಟ್ಟಿತು.

ಹತ್ತು ದಿನದಿಂದ ಆ ಅಣುವನ್ನು ಮತ್ತೆ ಲೆಕ್ಕಕ್ಕೆ ಹಾಕುತ್ತಿದ್ದೇನೆ. ನೀನು ಹಿಂದಿನ ದಿನ ಕಳಿಸಿದ್ದ ಚಿತ್ರಕ್ಕೆ ಲೆಕ್ಕ ಹಾಕಿ, ಆವತ್ತು ಫೋನಿನಲ್ಲಿ ನಾನು ನಿನಗೆ ಮೂವತ್ತೆಂಟು ಕಿಲೋಕ್ಯಾಲರಿ ಎಂದಿದ್ದೆ. ಆ ಬಂಧ ಬಿಡಲು ಅಷ್ಟು ಶಕ್ತಿ ಬೇಕೆಂದರೆ ಅರವತ್ತು ಡಿಗ್ರಿಯಲ್ಲಿ ವರ್ಷಗಟ್ಟಲೆ ಕೂತರೂ ಅಲ್ಲಾಡಬಾರದು. ಅದು ಗಂಟೆಯೊಳಗೆ ಹೋಯಿತು.

ಕಂಪ್ಯೂಟರಿನಲ್ಲಿ ಅಣುಗಳ ಲೆಕ್ಕ ಹಾಕುವ ನನ್ನ ವಿದ್ಯೆ ಕಾಲೇಜಿನಲ್ಲೇ ನಿನ್ನ ತಲೆಗೆ ಹತ್ತಲಿಲ್ಲ ಎಂದು ನೀನೇ ಹೇಳುತ್ತಿದ್ದೆ. ಈಗ ಓದಲೇಬೇಕು. ನಮ್ಮ ವಿಧಾನದಲ್ಲಿ ಒಂದೊಂದು ಎಲೆಕ್ಟ್ರಾನಿನ ಹಿಂದೆಯೂ ಓಡುವುದಿಲ್ಲ. ಬಸ್ ನಿಲ್ದಾಣದ ಜನರನ್ನು ಮಹಡಿಯಿಂದ ನೋಡಿದ ಹಾಗೆ, ಎಲ್ಲಿ ಎಷ್ಟು ದಟ್ಟವಾಗಿದ್ದಾರೆ ಎಂದಷ್ಟೇ ನೋಡುತ್ತೇವೆ. ಆ ದಟ್ಟಣೆಯಿಂದಲೇ ಶಕ್ತಿಯನ್ನು ಸರಿಯಾಗಿ ತೆಗೆಯುವ ಸೂತ್ರ ಒಂದು ಇದೆ ಎಂಬುದು ಸಾಬೀತಾಗಿದೆ. ಆದರೆ ಆ ಸೂತ್ರ ಏನೆಂದು ಯಾರಿಗೂ ಗೊತ್ತಿಲ್ಲ. ಬಳಕೆಯಲ್ಲಿರುವುದೆಲ್ಲ ಅಂದಾಜಿನ ಸೂತ್ರಗಳು, ಒಂದೊಂದು ಸಂಶೋಧಕರ ಗುಂಪಿನದು ಒಂದೊಂದು. ಕೆಲವು ಸೂತ್ರಗಳಲ್ಲಿ ಎಲೆಕ್ಟ್ರಾನು ತನ್ನನ್ನು ತಾನೇ ದೂಡಿಕೊಳ್ಳುತ್ತದೆ. ನಗಬೇಡ, ನಿಜ.

ನನ್ನ ತಪ್ಪು ಇನ್ನೂ ಕೆಳಗಿನ ಮಟ್ಟದ್ದು. ಬಂಧ ಬಿಡುವಾಗ ಜೋಡಿ ಎಲೆಕ್ಟ್ರಾನುಗಳು ಬೇರೆಯಾಗಿ ಒಂದು ಆ ಕಡೆ, ಒಂದು ಈ ಕಡೆ ಹೋಗಬೇಕು. ನಾನು ಅವಸರದಲ್ಲಿ ಎಲ್ಲವೂ ಜೋಡಿಯಾಗಿಯೇ ಇರಲಿ ಎಂದು ಕಂಪ್ಯೂಟರಿಗೆ ಹೇಳಿಬಿಟ್ಟಿದ್ದೆ. ಅದು ಮರುಮಾತಾಡದೆ ಪಾಲಿಸಿತು. ದೂರ ಹೋಗಬೇಕಾದವನ್ನು ಕೊನೆಯ ತನಕ ಕಟ್ಟಿಹಾಕಿ, ಬಿಡಿಸುವುದು ಬಹಳ ಕಷ್ಟ ಎಂದು ಉತ್ತರ ಕೊಟ್ಟಿತು.

ಕಟ್ಟು ಬಿಚ್ಚಿ ಲೆಕ್ಕ ಹಾಕಿದರೆ ಇಪ್ಪತ್ತೆರಡು. ಸೂತ್ರ ಬದಲಿಸಿದರೆ ಮೂವತ್ತೊಂದು. ಎಲೆಕ್ಟ್ರಾನಿನ ಆಕಾರಕ್ಕೆ ಇನ್ನಷ್ಟು ತುಣುಕುಗಳನ್ನು ಸೇರಿಸಿ ನುಣುಪು ಮಾಡಿದರೆ ಇಪ್ಪತ್ತೊಂಬತ್ತು. ಇನ್ನೊಂದು ಸೂತ್ರಕ್ಕೆ ಹತ್ತೊಂಬತ್ತು. ಲೆಕ್ಕ ಹಾಕುವ ಬಿಂದುಗಳ ಜಾಲರಿಯನ್ನೂ ಒತ್ತಾಗಿಸಿ ನೋಡಿದೆ. ತಪ್ಪು ಅಲ್ಲೇ ಇರಲಿ ಎಂದು ಎಷ್ಟು ಆಸೆಪಟ್ಟಿದ್ದೆ ಗೊತ್ತಾ? ಜಾಲರಿಯನ್ನು ಆರಿಸಿದ್ದು ನಾನಲ್ಲ, ಕಂಪ್ಯೂಟರಿನಲ್ಲಿ ಮೊದಲೇ ಇದ್ದದ್ದು. ಉತ್ತರ ಅಲ್ಲಾಡಲೇ ಇಲ್ಲ.

ಈಗ ನನ್ನ ಮೇಜಿನ ಮೇಲೆ ಒಂದೇ ಅಣುವಿಗೆ ಐದು ಸಂಖ್ಯೆಗಳಿವೆ. ಯಾವುದು ನಿಜ ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಪುಟ್ಟೀ, ಒಂದನ್ನು ಮಾತ್ರ ನೆನಪು ಮಾಡಿಕೋ. ಮೂವತ್ತೆಂಟು ಎಂದ ಮೇಲೆ ನಾನು, "ಇದು ಬರೀ ಮೊದಲನೇ ಲೆಕ್ಕ ಕಣೇ, ಈ ತರದ ಬಂಧಕ್ಕೆ ಇದನ್ನ ನಂಬೋಕಾಗಲ್ಲ, ಇನ್ನೊಂದ್ಸಲ ನೋಡಿ ಹೇಳ್ತೀನಿ" ಎಂದೆನಲ್ಲ? ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಕಿಟಕಿಯ ಹತ್ತಿರ ನಿಂತಿದ್ದೆ.

ಅಕ್ಕ

&nbsp;

ಫೆಬ್ರವರಿ ೨೦

ಅಕ್ಕಾ,

ನೀನು ಹೇಳಲಿಲ್ಲ.

ನನ್ನ ಕಿವಿ ಹಾಳಾದದ್ದು ಆಮೇಲೆ. ಆವತ್ತು ಮಧ್ಯಾಹ್ನ ಚೆನ್ನಾಗಿಯೇ ಇತ್ತು. ನೀನು "ಮೂವತ್ತೆಂಟು, ಮೂವತ್ತೆಂಟು" ಎಂದೆ. ನಾನು "ಸರಿ ಹಾಗಾದ್ರೆ" ಎಂದೆ. ಅಷ್ಟೇ.

ನಿನ್ನ ಐದು ಸಂಖ್ಯೆಗಳನ್ನು ಮೂರು ಸಲ ಓದಿದೆ. ಬೇರೆ ಯಾರಾದರೂ ಕಳಿಸಿದ್ದರೆ ಕುತೂಹಲದಿಂದ ಓದುತ್ತಿದ್ದೆನೋ ಏನೋ.

ನಿನ್ನೆ ಒಲೆಯ ಮೇಲೆ ಕುಕ್ಕರ್ ಸಿಳ್ಳೆ ಹಾಕುತ್ತಿತ್ತಂತೆ. ಅದು ತಲೆಯೊಳಗಿನ ಸಿಳ್ಳೆ ಎಂದುಕೊಂಡು ನಾನು ಪಕ್ಕದಲ್ಲೇ ನಿಂತಿದ್ದೆ. ಅಮ್ಮ ಬಂದು ಒಲೆ ಆರಿಸಿದಳು. ಏನೋ ಅಂದಳು. ಏನಂದಳೋ.

ಬೇಕಾದರೆ ಅಮ್ಮನನ್ನೇ ಕೇಳು. ಆವತ್ತು ಅವಳು ನಿನ್ನ ಮನೆಯಲ್ಲೇ ಇದ್ದಳಲ್ಲ.

ಪುಟ್ಟಿ

&nbsp;

ಮಾರ್ಚ್ ೪

ದೊಡ್ಡ ಮಗಳಿಗೆ ಅಮ್ಮನ ಆಶೀರ್ವಾದ.

ನೀನು ಕಾಗದದಲ್ಲಿ ಕೇಳುತ್ತೀಯ, ಇನ್ನೊಬ್ಬಳು ಎದುರಿಗೆ ಕೂತು ಕೇಳುತ್ತಾಳೆ. ನನ್ನನ್ನು ಕೋರ್ಟಿನ ಸಾಕ್ಷಿ ಮಾಡಿಬಿಟ್ಟಿರಿ. ಹೊಸ ಕಣ್ಣಿನಲ್ಲಿ ಬರೆಯುತ್ತಿದ್ದೇನೆ, ಸಾಲು ಸೊಟ್ಟಗಿದ್ದರೆ ನಾನೇ ಹೊಣೆ, ಡಾಕ್ಟರಲ್ಲ.

ನನಗೆ ನೆನಪಿರುವುದನ್ನು ಇದ್ದ ಹಾಗೆ ಹೇಳುತ್ತೇನೆ. ಪೊರೆಯ ಆಪರೇಷನ್ ಆಗಿ ನಾಲ್ಕನೇ ದಿನ. ಕಣ್ಣಿಗೆ ಹಸಿರು ಪಟ್ಟಿ ಕಟ್ಟಿದ್ದರು, ನಾನು ಕುರ್ಚಿಯಲ್ಲಿ ಒರಗಿಕೊಂಡಿದ್ದೆ. ನೀವಿಬ್ಬರೂ ಫೋನಿನಲ್ಲಿ ಮೊದಲು ನನ್ನ ಕಣ್ಣಿನ ವಿಷಯವನ್ನೇ ಮಾತಾಡಿದಿರಿ. ಆಮೇಲೆ ನೀನು ಎರಡು ಸಲ "ಮೂವತ್ತೆಂಟು" ಎಂದೆ. ಪುಟ್ಟಿಗೆ ಚಪ್ಪಲಿ ಕೊಳ್ಳುತ್ತೀಯೇನೋ ಎಂದುಕೊಂಡೆ, ಅವಳ ಕಾಲು ಅಷ್ಟೇ ಇರುವುದು.

"ಇನ್ನೊಂದ್ಸಲ ನೋಡಿ ಹೇಳ್ತೀನಿ" ಎಂದು ನೀನು ಹೇಳಿದ್ದೂ ನಿಜ. ನನ್ನ ಕಿವಿಗೆ ಬಿದ್ದಿದೆ. ಆದರೆ ಅದನ್ನು ಅವಳಿಗೆ ಹೇಳಿದೆಯೋ, ಫೋನ್ ಇಟ್ಟ ಮೇಲೆ ನಿನ್ನಷ್ಟಕ್ಕೆ ನೀನೇ ಹೇಳಿಕೊಂಡೆಯೋ, ಕಣ್ಣು ಮುಚ್ಚಿಕೊಂಡವಳು ನಾನು ಹೇಗೆ ಹೇಳಲಿ? ಫೋನ್ ಇಟ್ಟ ಮೇಲೂ ಮಾತಾಡುತ್ತಾ ಇರುವುದು ನಿನ್ನ ಹುಟ್ಟುಗುಣ. ಶಾಲೆಗೆ ಹೋಗುವಾಗಲೂ ಗೇಟು ದಾಟಿದ ಮೇಲೆ ಉಳಿದ ಮಾತನ್ನು ರಸ್ತೆಗೆ ಹೇಳಿಕೊಂಡು ಹೋಗುತ್ತಿದ್ದೆ.

ಇದರಿಂದ ನಿನಗೆ ಉಪಯೋಗವಾಗಲಿಲ್ಲ ಅಲ್ಲವಾ? ನನಗೂ ಆಗಿಲ್ಲ.

ಇವಳು ದಿನಾ ಬಾಗಿಲಿಗೆ ಬಂದು ರಸ್ತೆ ನೋಡುತ್ತಾಳೆ. ಯಾಕೆ ಎಂದು ಕೈಸನ್ನೆ ಮಾಡಿದರೆ "ಪೋಸ್ಟು" ಎನ್ನುತ್ತಾಳೆ. ಭಾನುವಾರ ಯಾವ ಪೋಸ್ಟು ಬರುತ್ತೆ ಮಗಳೇ?

ಅಮ್ಮ

&nbsp;

ಮಾರ್ಚ್ ೨೨

ಪುಟ್ಟೀ,

ಅಮ್ಮನ ಪತ್ರ ಬಂದ ಮೇಲೆ ಯಾವುದನ್ನು ನಂಬಬೇಕೋ ತಿಳಿಯುತ್ತಿಲ್ಲ. ನಿನಗೆ ಹೇಳಿದೆ ಎಂದು ಪ್ರಮಾಣ ಮಾಡುವ ಮಟ್ಟದಲ್ಲಿದ್ದೆ. ಈಗ ಆ ಕಿಟಕಿಯ ಹತ್ತಿರ ನಿಂತ ನನ್ನನ್ನು ನೆನೆದರೆ, ಕೈಯಲ್ಲಿ ಫೋನ್ ಇದೆಯೋ ಇಲ್ಲವೋ ಕಾಣಿಸುವುದೇ ಇಲ್ಲ.

ಅದಕ್ಕಿಂತ ದೊಡ್ಡದೊಂದು ಗೊತ್ತಾಗಿದೆ. ಎರಡು ವರ್ಷದ ಹಿಂದೆ ನಮ್ಮ ಪ್ರೊಫೆಸರೂ ನಾನೂ ಅಚ್ಚು ಹಾಕಿಸಿದ ಪ್ರಬಂಧ ನೆನಪಿದೆಯಾ, ನೀನು ಓದದೆಯೇ ಚೆನ್ನಾಗಿದೆ ಎಂದದ್ದು? ಅದರಲ್ಲೂ ಇಂಥವೇ ಆರು ಅಣುಗಳು, ಇದೇ ವಿಧಾನ. ಆರರಲ್ಲಿ ನಾಲ್ಕು ಪ್ರಯೋಗದ ಅಳತೆಗೆ ತಾಳೆಯಾಗಿದ್ದವು, ಅದರಿಂದಲೇ ನನಗೆ ಧೈರ್ಯ. ಈಗ ಬಿಚ್ಚಿ ನೋಡಿದರೆ, ಜೋಡಿ ಕಟ್ಟಿದ ತಪ್ಪು ಸಂಖ್ಯೆಯನ್ನು ಮೇಲಕ್ಕೆತ್ತಿದೆ, ಸೂತ್ರದ ತಪ್ಪು ಕೆಳಗಿಳಿಸಿದೆ. ಎರಡೂ ಒಂದನ್ನೊಂದು ಹೊಡೆದುಹಾಕಿ ಸರಿಯುತ್ತರ ಬಂದುಬಿಟ್ಟಿದೆ. ನಿನ್ನ ಅಣುವಿನಲ್ಲಿ ಎರಡನೆಯ ತಪ್ಪು ಸಾಕಷ್ಟು ದೊಡ್ಡದಿರಲಿಲ್ಲ, ಅಷ್ಟೇ.

ಪ್ರೊಫೆಸರರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಫೋನಲ್ಲಿ ಮನೆಯವರ ಹತ್ರ ಆಡಿದ ಮಾತಿಗೆಲ್ಲ ನಾವು ಜವಾಬ್ದಾರರೇನ್ರೀ?"

"ಅವಳ ಕಿವಿ ಹೋಗಿದೆ ಸಾರ್."

"ಅಯ್ಯೋ, ಅದಕ್ಕೆ ನನಗೂ ಬೇಜಾರಿದೆ. ಆದ್ರೆ ಮುಂದಿನ ತಿಂಗಳು ನಿಮ್ಮ ಇಂಟರ್‌ವ್ಯೂ ಇದೆ. ಖಾಯಂ ಹುದ್ದೆ. ಈಗ ಹೋಗಿ ಪ್ರಬಂಧ ತಪ್ಪು ಅಂತ ಬರೀತೀನಿ ಅಂದ್ರೆ ಹೇಗೆ? ಸ್ವಲ್ಪ ದಿನ ಸುಮ್ನಿರಿ."

ಸುಮ್ಮನಿದ್ದೆ. ಎಂಟು ದಿನ. ಅದನ್ನೂ ನಿನಗೆ ಹೇಳಬೇಕೆನಿಸಿತು.

ಇದರ ಜೊತೆ ಡೈರಿ ಸಾಹೇಬರಿಗೆ ಒಂದು ಪತ್ರ ಇಟ್ಟಿದ್ದೇನೆ. ಸಂಖ್ಯೆ ಕೊಟ್ಟದ್ದು ನಾನು, ಅದು ತಪ್ಪು, ಎಲ್ಲಿ ತಪ್ಪಿತು ಎಂಬುದೆಲ್ಲ ಇದೆ. ನೀನೇ ಅವರ ಕೈಗೆ ಕೊಡು. ನಿನ್ನ ಕೆಲಸ ಹೋಗುವುದು ಬೇಡ.

ಅಕ್ಕ

&nbsp;

ಮೇ ೨

ಅಕ್ಕಾ,

ಐದಾರು ವಾರ ಬರೆಯಲಿಲ್ಲ. ನಿನ್ನ ಪತ್ರವನ್ನೂ ಕೊಡಲಿಲ್ಲ. ಬಟ್ಟೆಗಳ ಕೆಳಗಿದೆ.

ಕೊಡದೆ ಇದ್ದದ್ದು ನಿನ್ನನ್ನು ಉಳಿಸಲು ಎಂದು ನೀನು ತಿಳಿದಿರುತ್ತೀಯ. ಅಮ್ಮನೂ ಹಾಗೇ ತಿಳಿದು ನನ್ನ ತಲೆ ಸವರಿದಳು. ಅದು ತಡೆಯಲಾಗದೆ ಈಗ ಬರೆಯುತ್ತಿದ್ದೇನೆ.

ನಾನು ನಿನಗೆ ಫೋನ್ ಮಾಡಿದಾಗ ಫ್ಲಾಸ್ಕ್ ಆಗಲೇ ಬಿಸಿನೀರಿನಲ್ಲಿತ್ತು. ಐವತ್ತು ಡಿಗ್ರಿ ದಾಟಿತ್ತು. ಸಂಜೆಯೊಳಗೆ ಪುಡಿ ಬೇಕು ಎಂದು ಮುಖ್ಯಸ್ಥರು ಬೆಳಗ್ಗೆಯಿಂದ ಮೂರು ಸಲ ಬಂದು ಹೋಗಿದ್ದರು. ನಿನ್ನನ್ನು ಕೇಳಿದ್ದು ತಿಳಿದುಕೊಳ್ಳಲಿಕ್ಕಲ್ಲ ಅಕ್ಕಾ, ಹೂಂ ಅನ್ನಿಸಿಕೊಳ್ಳಲಿಕ್ಕೆ. ನೀನು ಮೂವತ್ತೆಂಟು ಎಂದದ್ದೇ ತಡ, ನನಗೆ ಸಾಕಾಯಿತು. ಫೋನನ್ನು ಮೇಜಿನ ಮೇಲಿಟ್ಟು ಥರ್ಮಾಮೀಟರ್ ನೋಡಲು ಬಗ್ಗಿದೆ. ನೀನು ಆಮೇಲೆ ಏನಾದರೂ ಹೇಳಿದೆಯೇನೋ. ಹೇಳಲಿಲ್ಲ ಎಂದು ಅಷ್ಟು ಗಟ್ಟಿಯಾಗಿ ಬರೆದೆನಲ್ಲ, ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ನೀನು ಇಪ್ಪತ್ತೆರಡು ಎಂದಿದ್ದರೆ ಹೀಟರ್ ಆರಿಸುತ್ತಿದ್ದೆನಾ? ಸಮಯವಂತೂ ಇತ್ತು, ಸಿಡಿದದ್ದು ಇಪ್ಪತ್ತು ನಿಮಿಷದ ಮೇಲೆ. ಆರಿಸುತ್ತಿದ್ದೆ ಎಂದು ಒಂದು ದಿನ ಅನ್ನಿಸುತ್ತದೆ. "ಅಕ್ಕ ಯಾವಾಗ್ಲೂ ಹೆದರಿಸ್ತಾಳೆ" ಎಂದುಕೊಂಡು ಮುಂದುವರಿಸುತ್ತಿದ್ದೆ ಎಂದು ಮಾರನೇ ದಿನ ಅನ್ನಿಸುತ್ತದೆ.

ನಾಲ್ಕು ತಿಂಗಳು ನೀನು ಒದ್ದಾಡುವುದನ್ನು ಕಾಗದದಲ್ಲಿ ಓದುತ್ತಾ ಕೂತಿದ್ದೆ. ಸ್ವಲ್ಪ ಒದ್ದಾಡಲಿ ಎಂದೂ ಅನ್ನಿಸಿತ್ತು. ಬರೆದುಬಿಟ್ಟೆ.

ಉಳಿದಿದ್ದ ವಸ್ತುವಿನಿಂದ ಸಾಸಿವೆ ಕಾಳಿಗಿಂತ ಸಣ್ಣ ಚೂರನ್ನು ಗಟ್ಟಿ ಉಕ್ಕಿನ ಪೆಟ್ಟಿಗೆಯೊಳಗೆ ಬಿಸಿ ಮಾಡಿ ಅಳೆದರು. ಇಪ್ಪತ್ತೈದು. ನಿನ್ನ ಐದರಲ್ಲಿ ಒಂದೂ ಅಲ್ಲ.

ಪುಟ್ಟಿ

&nbsp;

ಮೇ ೧೬

ಪುಟ್ಟೀ,

ನಿನ್ನ ಪತ್ರವನ್ನು ವಿಭಾಗದ ಮೆಟ್ಟಿಲ ಮೇಲೆ ಕೂತು ಓದಿದೆ. ಮೊದಲು ಹಗುರವಾಯಿತು. ಹಗುರವಾಯಿತಲ್ಲ ಎಂದು ನಾಚಿಕೆಯಾಯಿತು. ಆಮೇಲೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಎದ್ದು ಹೋಗಿ ನಲ್ಲಿಯ ಕೆಳಗೆ ಮುಖ ಹಿಡಿದೆ. ಎದುರು ಮೇಜಿನವರು "ಮನೇಲೇನಾದ್ರೂ ಆಯ್ತಾ?" ಎಂದು ಕೇಳಿದರು. "ಗೊತ್ತಿಲ್ಲ" ಎಂದೆ. ಅವರು ವಿಚಿತ್ರವಾಗಿ ನೋಡಿದರು.

ಎರಡು ದಿನ ಕಳೆದ ಮೇಲೂ ನನಗೆ ಸಿಟ್ಟಿದೆಯೋ ಇಲ್ಲವೋ ಹೇಳಲಾರೆ. ನೀನು ಮೊದಲೇ ಬಿಸಿಗಿಟ್ಟಿದ್ದೆ ಎಂದರೂ ನನ್ನ ಮೂವತ್ತೆಂಟು ಇಪ್ಪತ್ತೈದಾಗುವುದಿಲ್ಲ.

ಡೈರಿ ಸಾಹೇಬರಿಗೆ ಇನ್ನೊಂದು ಪ್ರತಿಯನ್ನು ನೇರವಾಗಿ ಅಂಚೆಯಲ್ಲಿ ಕಳಿಸಿದೆ. ನನ್ನ ಪಾಲನ್ನಷ್ಟೇ ಬರೆದಿದ್ದೇನೆ. ನಿನ್ನದನ್ನು ನೀನು ಬರೆಯುವುದಾದರೆ ಬರೆ. ಪ್ರಬಂಧದ ತಿದ್ದುಪಡಿಯೂ ಹೋಯಿತು. ಪ್ರೊಫೆಸರ್ ಅದಕ್ಕೆ ಸಹಿ ಹಾಕಿದರು, ಹಾಕುವಾಗ ನನ್ನ ಮುಖ ನೋಡಲಿಲ್ಲ.

ಇಂಟರ್‌ವ್ಯೂ ಆಯಿತು. ಕೊನೆಯಲ್ಲಿ ಒಬ್ಬರು ಕೇಳಿದರು, "ನಿಮ್ಮ ಲೆಕ್ಕದಲ್ಲಿ ಎಷ್ಟು ದೋಷ ಇರಬಹುದು?"

ಎಲ್ಲರೂ ಹೇಳುವ ಸಂಖ್ಯೆಯೊಂದಿದೆ, ಎರಡೋ ಮೂರೋ ಕಿಲೋಕ್ಯಾಲರಿ ಎಂದು. ಅದು ನಾಲಿಗೆಯ ತುದಿಯಲ್ಲೇ ಇತ್ತು.

"ಯಾವ ಅಣು ಅನ್ನೋದರ ಮೇಲಿದೆ ಸಾರ್. ಕೆಲವಕ್ಕೆ ನನಗೆ ಗೊತ್ತಿಲ್ಲ" ಎಂದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುದ್ದೆ ಬೇರೆಯವರಿಗೆ ಹೋಯಿತು. ಇನ್ನೊಂದು ವರ್ಷ ಇದೇ ಮೇಜು ಇರುತ್ತದಂತೆ. ಆ ಉತ್ತರದಿಂದಲೇ ಹೋಯಿತೋ, ಆಯ್ಕೆಯಾದವರು ನನಗಿಂತ ಚೆನ್ನಾಗಿದ್ದರೋ, ಅದೂ ತಿಳಿಯದು.

ಅಕ್ಕ

&nbsp;

ಜೂನ್ ೧೯

ಅಕ್ಕಾ,

ನನ್ನದನ್ನು ನಾನೂ ಬರೆದುಕೊಟ್ಟೆ. ಡೈರಿ ಸಾಹೇಬರು ಓದಿ, ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಬರೆದು ತೋರಿಸಿದರು: "ಹೊರಗೆ ಹೋಗಿ ಟೀ ಕುಡಿಯಿರಿ."

ವರದಿ ಮೂರು ಪುಟ. ಲೆಕ್ಕ ಬರುವ ಮೊದಲೇ ಬಿಸಿಗಿಟ್ಟದ್ದು, ಪರಿಶೀಲಿಸದ ಸಂಖ್ಯೆಯನ್ನು ಕೊಟ್ಟದ್ದು ಮತ್ತು ನಂಬಿದ್ದು, ಮೊದಲ ಸಲಕ್ಕೇ ಅಷ್ಟು ಪ್ರಮಾಣ ತಯಾರಿಸಲು ಮುಖ್ಯಸ್ಥರು ಒತ್ತಾಯಿಸಿದ್ದು, ಎಲ್ಲ ಇದೆ. ಯಾರ ಪಾಲು ಎಷ್ಟು ಎಂದು ಮಾತ್ರ ಬರೆದಿಲ್ಲ. ಅದನ್ನೇ ಹುಡುಕಿಕೊಂಡು ಎರಡು ಸಲ ಓದಿದೆ.

ಕೆಲಸ ಉಳಿಯಿತು. ಆರು ತಿಂಗಳು ಪರೀಕ್ಷಾ ಕೋಣೆಯಲ್ಲಿ ಅಂಟಿನ ಪಟ್ಟಿಗಳನ್ನು ಎಳೆದು ಹರಿಯುತ್ತಾ ಕೂರಬೇಕು. ಬಲಗಿವಿ ಇನ್ನು ಬರುವುದಿಲ್ಲವಂತೆ. ಎಡಗಿವಿಯ ಹತ್ತಿರ ಬಂದು ನಿಧಾನವಾಗಿ ಮಾತಾಡಿದರೆ ಕೇಳಿಸುತ್ತದೆ. ಅಮ್ಮ ಹತ್ತಿರ ಬರುತ್ತಾಳೆ, ನಿಧಾನ ಮಾತ್ರ ಅವಳಿಂದಾಗದು.

ಆರು ತಿಂಗಳಾದ ಮೇಲೆ ಮತ್ತೆ ಲ್ಯಾಬಿನ ಮೇಜಿಗೆ ಹೋಗುತ್ತೇನೆ. ಅಣುವಿಗೆ ಒಂದು ಬಾಲ ಸೇರಿಸಿದರೆ ಬಂಧ ಸ್ವಲ್ಪ ಗಟ್ಟಿಯಾಗಬಹುದೆಂದು ಒಂದು ಯೋಚನೆ ಇದೆ. ಚಿತ್ರ ಹಿಂದಿನ ಪುಟದಲ್ಲಿ. ಲೆಕ್ಕ ಹಾಕಿ ಹೇಳುತ್ತೀಯಾ? ಇದನ್ನು ಬೇರೆ ಯಾರಿಗಾದರೂ ಕಳಿಸಬಹುದಿತ್ತು. ಕಳಿಸಲು ಮನಸ್ಸು ಬರಲಿಲ್ಲ. ಯಾಕೆಂದು ನನ್ನನ್ನು ಕೇಳಬೇಡ.

ಒಂದು ಪ್ರಶ್ನೆಯನ್ನು ಡೈರಿ ಸಾಹೇಬರು ಕೇಳಲಿಲ್ಲ, ಅಮ್ಮ ಕೇಳಲಿಲ್ಲ, ನಾನೂ ಈವರೆಗೆ ಕೇಳಿಲ್ಲ. ಆರು ಗಂಟೆಯ ರೈಲು ಪ್ರಯಾಣ. ನೀನು ಯಾಕೆ ಬರಲಿಲ್ಲ?

ಪುಟ್ಟಿ

&nbsp;

ಜುಲೈ ೩

ಪುಟ್ಟೀ,

ಇಪ್ಪತ್ತೆಂಟು. ಇಪ್ಪತ್ತಮೂರೂ ಇರಬಹುದು, ಮೂವತ್ತೆರಡೂ ಇರಬಹುದು. ನಾಲ್ಕು ಸೂತ್ರಗಳಲ್ಲಿ ನೋಡಿದೆ, ಜೋಡಿ ಬಿಚ್ಚಿಯೇ ನೋಡಿದೆ, ನಿನ್ನ ಇಪ್ಪತ್ತೈದರ ಪಕ್ಕದಲ್ಲಿಟ್ಟು ನೋಡಿದೆ. ಹಳೆಯದಕ್ಕಿಂತ ಇದು ಗಟ್ಟಿ ಎಂದು ನಾಲ್ಕೂ ಹೇಳುತ್ತವೆ. ಎಷ್ಟು ಗಟ್ಟಿ ಎಂಬುದರಲ್ಲಿ ಜಗಳ. ನಾಲ್ಕೂ ಒಟ್ಟಿಗೆ ತಪ್ಪಿರಲೂಬಹುದು. ಎಲ್ಲವನ್ನೂ ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಎಲ್ಲಿ ನನಗೆ ಗೊತ್ತಿಲ್ಲವೋ ಅಲ್ಲಿ ಗೊತ್ತಿಲ್ಲ ಎಂದೇ ಇದೆ.

ಯಾಕೆ ಬರಲಿಲ್ಲ ಎಂದು ಕೇಳಿದ್ದೀಯ. ಮುಖ ತೋರಿಸುವ ಧೈರ್ಯವಿರಲಿಲ್ಲ ಎಂದು ಬರೆದೆ. ಅಷ್ಟೇ ಅಲ್ಲ ಎನ್ನಿಸಿ ಹೊಡೆದು ಹಾಕಿದೆ. ನೀನು ಬಯ್ಯುತ್ತೀಯ ಎಂಬ ಹೆದರಿಕೆ ಎಂದು ಬರೆದೆ. ನೀನು ಬಯ್ಯದೆ ಸುಮ್ಮನೆ ಕೈ ತೋರಿಸಿದ್ದರೆ ಏನು ಮಾಡುತ್ತಿದ್ದೆ ಎಂಬ ಹೆದರಿಕೆ ಅದಕ್ಕಿಂತ ಹೆಚ್ಚಿತ್ತು. ಅದನ್ನೂ ಹೊಡೆದು ಹಾಕಿದೆ. ಕಾಗದದಲ್ಲಿ ಇದು ಸರಿಯಾಗಿ ಬರುವುದಿಲ್ಲ.

ಶನಿವಾರ ಬೆಳಗಿನ ರೈಲಿಗೆ ಟಿಕೆಟ್ ತೆಗೆಸಿದ್ದೇನೆ. ನಿನ್ನ ಎಡಗಡೆ ಕೂತು ಹೇಳುತ್ತೇನೆ. ನಿಧಾನವಾಗಿ ಹೇಳುತ್ತೇನೆ. ಕೇಳಿಸದಿದ್ದರೆ ಮತ್ತೆ ಹೇಳುತ್ತೇನೆ.

ನಿನ್ನ
ಅಕ್ಕ